ಒಂದು ಅಳತೆ ದೊಡ್ಡದು

ಅಪ್ಪ ಹೋಗಿ ಎರಡು ವಾರವಾಗಿತ್ತು, ಮಗಳ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ. ಆಸ್ಪತ್ರೆಯಲ್ಲಿ ಬೀಳಲಿಲ್ಲ, ಮನೆಯಲ್ಲಿ ಬೀಳಲಿಲ್ಲ. ಈಗ ವರ್ತಕರ ಸಂಘದ ಸಭಾಂಗಣದ ಪಕ್ಕದ ಕೋಣೆಯಲ್ಲಿ, ಇನ್ನು ಅರ್ಧ ಗಂಟೆಗೆ ಇನ್ನೂರು ಜನರ ಮುಂದೆ ನಿಂತು ಅಪ್ಪನ ಬಗ್ಗೆ ಮಾತಾಡಬೇಕಾದ ಹೊತ್ತಿನಲ್ಲೂ, ಕಣ್ಣು ನೀರು ನಿಂತ ನಲ್ಲಿಯ ಹಾಗೆ ಸುಮ್ಮನಿತ್ತು. ಜನ ಏನಂದುಕೊಳ್ಳುತ್ತಾರೋ ಎಂಬ ಚಿಂತೆ ಅವಳಿಗಿರಲಿಲ್ಲ. ಏನಾದರೂ ಅಂದುಕೊಂಡು ಹಾಳಾಗಿ ಹೋಗಲಿ. ಅವಳ ಭಯವೇ ಬೇರೆ: ನನಗೆ ಅಪ್ಪನ ಮೇಲೆ ಪ್ರೀತಿಯೇ ಇರಲಿಲ್ಲವೇನೋ?

"ಅಕ್ಕಾ, ಸುಮ್ನೆ ಓದಿಬಿಡು ಸಾಕು. ಎಲ್ಲಾ ಬರ್ದಿದೀನಿ" ಎಂದು ತಮ್ಮ ಎರಡು ಹಾಳೆ ಕೈಗಿಟ್ಟು ಹೋಗಿದ್ದ. ತೊಂಬತ್ತೊಂದು ವರ್ಷಗಳ ತುಂಬು ಜೀವನ, ಆದರ್ಶ ವರ್ತಕ, ಕುಟುಂಬವತ್ಸಲ. ಸಂಘದಲ್ಲಿ ಯಾರು ಸತ್ತರೂ ಒಂದಕ್ಷರ ಬದಲಿಸದೆ ಓದಬಹುದಾದ ಭಾಷಣ. ಸುಳ್ಳೇನಲ್ಲ, ಬರೆದದ್ದೆಲ್ಲ ನಿಜವೇ.

ಅಪ್ಪ ಅರವತ್ತನಾಲ್ಕು ವರ್ಷ ಬೂಟಿನ ಅಂಗಡಿ ನಡೆಸಿದವನು. ಮುಂದೆ ಗಾಜಿನ ಬೀರು, ಹಿಂದೆ ಹೊಲಿಗೆಯ ಕೋಣೆ, ನಡುವೆ ಕನ್ನಡಕ ಮೂಗಿನ ತುದಿಗಿಳಿಸಿಕೊಂಡ ಅಪ್ಪ. ಮಧ್ಯಾಹ್ನ ಒಂದಾಯಿತೆಂದರೆ ಗಿರಾಕಿ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಕೂತಿದ್ದರೂ ಸರಿ, ಎಬ್ಬಿಸಿ, ಬಾಗಿಲೆಳೆದು, ಮನೆಗೆ ಊಟಕ್ಕೆ ಬರುತ್ತಿದ್ದ. ಹೆಂಡತಿ ಒಬ್ಬಳೇ ಉಣ್ಣಬಾರದಲ್ಲ! ಅಮ್ಮ ಹಾಸಿಗೆ ಹಿಡಿದ ಏಳು ವರ್ಷವೂ ಅವಳ ನಡೆಯಲಾರದ ಕಾಲಿಗೆ ವರ್ಷಕ್ಕೊಂದು ಜೊತೆ ಮೆತ್ತನೆಯ ಚಪ್ಪಲಿ ಹೊಲಿದ. ಮಗಳು ಇದನ್ನೆಲ್ಲ ಒಂದೊಂದಾಗಿ ನೆನೆದುಕೊಂಡು ನೋಡಿದಳು. ಎಲ್ಲಾ ನೆನಪಿತ್ತು. ಏನೂ ಅನ್ನಿಸಲಿಲ್ಲ.

ಆ ಮನುಷ್ಯನದು ಒಂದೇ ಒಂದು ಹುಚ್ಚು. ಗಿರಾಕಿಗಳಿಗೆ ಕೂದಲೆಳೆಯಷ್ಟೂ ಆಚೀಚೆ ಆಗದಂಥ ಅಳತೆ. ಸ್ವಂತ ಮಕ್ಕಳಿಗೆ ಮಾತ್ರ ಒಂದು ಅಳತೆ ದೊಡ್ಡದು. "ಬೆಳೆಯೋ ಕಾಲು, ಇರ್ಲಿ" ಅನ್ನುವನು. ಹಳೇ ಪೇಪರು ಮೂರು ಮಡಿಕೆ ಮಡಿಚಿ ತನ್ನ ಕೈಯಾರೆ ಬೂಟಿನ ಮೂತಿಗೆ ತುರುಕುವನು. ಪ್ರತಿ ಮಗುವಿಗೂ ಬೂಟು ಹೊಲಿಯಲು ಕಾಲಿನ ಆಕಾರದ ಒಂದೊಂದು ಜೊತೆ ಮರದ ಅಚ್ಚು, ಮಗು ಬೆಳೆದ ಹಾಗೆ ಅಚ್ಚಿನ ಮೂತಿಗೆ ತೊಗಲಿನ ಚೂರು ಅಂಟಿಸಿ ಉದ್ದ ಮಾಡುವನು. ಊರಿಗೆಲ್ಲ ಬೂಟು ಕೊಡುವವನ ಮಕ್ಕಳು ದೋಣಿ ಕಟ್ಟಿಕೊಂಡು ಓಡಾಡುತ್ತಿದ್ದರು. ಶಾಲೆಯಲ್ಲಿ ಅವಳಿಗೆ ಬಾತು ಎಂದೇ ಹೆಸರು. ಸರಿ, ಮಕ್ಕಳೆಂದರೆ ಒಪ್ಪೋಣ. ಮದುವೆಯಾಯಿತು, ಮಕ್ಕಳಾದವು, ತಲೆ ಅರ್ಧ ಬೆಳ್ಳಗಾಯಿತು, ಆದರೂ ಅಪ್ಪ ಅದೇ ಪಟ್ಟು, ಅದೇ ಪೇಪರು!

ನಾಲ್ಕು ತಿಂಗಳ ಹಿಂದೆ ಆ ದೋಣಿ ಜಾರಿ ಆಫೀಸಿನ ಮೆಟ್ಟಿಲ ಮೇಲೆ ಬಿದ್ದಳು. ಕಾಲು ಉಳುಕಿತು. ಕುಂಟುತ್ತಲೇ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ಕೂಗಾಡಿದಳು.

"ಅಪ್ಪಾ, ನಂಗೆ ಐವತ್ಮೂರು! ಬೆಳೆದಿದ್ದು ಸಾಕು. ನನ್ನ ಕಾಲು ಎಷ್ಟಿದ್ಯೋ ಅಷ್ಟಕ್ಕೆ ಮಾಡು, ಇಲ್ಲಾಂದ್ರೆ ಮಾಡ್ಲೇಬೇಡ!"

ಅಪ್ಪ ಕನ್ನಡಕದ ಮೇಲಿಂದ ನೋಡಿದ. "ಆಯ್ತು ಬಿಡಮ್ಮ" ಅಂದ, ಅಷ್ಟೇ. ಆಮೇಲೆ ಫೋನಿನಲ್ಲಿ ಮಾತ್ರೆ, ಸೆಕೆ, ನಿದ್ದೆ, ಇಷ್ಟೇ ಮಾತು. ತಿಂಗಳಾದ ಮೇಲೆ ಅಂಗಡಿಯ ಹೊಲಿಗೆ ಮೇಸ್ತ್ರಿ ಒಂದು ಪೆಟ್ಟಿಗೆ ತಂದುಕೊಟ್ಟ. ಮುದುಕ ನನ್ನ ಮಾತು ಎಲ್ಲಿ ಕೇಳಿರುತ್ತಾನೆ ಎಂದು ಅವಳು ಅದನ್ನು ಬಿಚ್ಚದೆ ಬೀರುವಿನ ಮೇಲೆಸೆದಳು. ಮೊನ್ನೆ ಮೊನ್ನೆ ಅಪ್ಪ ಊಟಕ್ಕೆ ಕೈ ತೊಳೆಯುತ್ತಿದ್ದಾಗ ಕುಸಿದ. ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣು ತೆರೆಯದೆ ಮಲಗಿದ್ದು ಹೊರಟೇಹೋದ. ಬೇಜಾರು ಮಾಡಿಕೊಂಡೇ ಹೋದನಾ? ಕೇಳಲು ಅವನೇ ಇಲ್ಲ.

"ವೇದಿಕೆ ಮೇಲೆ ನಮ್ಮಂಗಡಿ ಬೂಟೇ ಹಾಕ್ಕೋಬೇಕು, ಸಂಘದೋರು ಮೊದ್ಲು ನೋಡೋದೇ ಕಾಲು" ಎಂದು ತಮ್ಮ ಬೆಳಿಗ್ಗೆಯಿಂದ ತಲೆ ತಿಂದಿದ್ದ. ಹಾಗಾಗಿ ಪೆಟ್ಟಿಗೆ ಅವಳ ಜೊತೆ ಇಲ್ಲಿಗೆ ಬಂದಿತ್ತು. ಈಗ ಬಿಚ್ಚಿದಳು. ಕಪ್ಪು ಬೂಟು, ಯಾವ ಡೌಲೂ ಇಲ್ಲದ್ದು.

ಪೇಪರಿಗಾಗಿ ಸುತ್ತ ನೋಡಿದಳು. ಕೋಣೆಯಲ್ಲಿ ಒಂದು ಚೂರೂ ಇರಲಿಲ್ಲ. ಕೈಯಲ್ಲಿದ್ದ ಭಾಷಣದ ಹಾಳೆಗಳನ್ನೇ ಮೂರು ಮಡಿಕೆ ಮಡಿಚಿ, ಒಂದೊಂದು ಬೂಟಿಗೆ ಒಂದೊಂದು ತುರುಕಿ, ಕಾಲು ಹಾಕಿದಳು. ಕಾಲು ಹೋಗಲಿಲ್ಲ. ಒತ್ತಿದಳು, ತಿರುಚಿದಳು. ಹಿಮ್ಮಡಿ ಹೊರಗೇ ನಿಂತಿತು. ಅಯ್ಯೋ, ಮುದುಕನಿಗೆ ಕಣ್ಣು ಕೈಕೊಟ್ಟಿತ್ತು, ಕೊನೆಗಾಲಕ್ಕೆ ಅಳತೆಯೇ ತಪ್ಪಿತಲ್ಲ ಎಂದು ಪಾಪ ಅನ್ನಿಸಿತು.

ಕಾಗದ ಕಿತ್ತು ತೆಗೆದು ಮತ್ತೆ ಹಾಕಿದಳು. ಕಾಲು ಸಲೀಸಾಗಿ ಒಳಗೆ ಹೋಗಿ ಕೂತಿತು. ಎದ್ದು ನಿಂತಳು, ಗೋಡೆಯವರೆಗೆ ನಡೆದಳು, ತಿರುಗಿ ಬಂದಳು. ಜಾರಲಿಲ್ಲ, ಟಪಟಪ ಸದ್ದಿಲ್ಲ. ಐವತ್ಮೂರು ವರ್ಷದಲ್ಲಿ ಮೊದಲ ಸಲ ಅಪ್ಪನ ಬೂಟು ಅವಳ ಕಾಲಿನಷ್ಟೇ ಇತ್ತು.

ಮೇಸ್ತ್ರಿ ಬಾಗಿಲಲ್ಲಿ ಇಣುಕಿದ. "ಅಮ್ಮಾ, ಕರೀತಿದಾರೆ." ಅವನ ಕಣ್ಣು ಅಭ್ಯಾಸದಂತೆ ನೇರ ಕಾಲಿಗೇ ಹೋಯಿತು. "ಸರಿಯಾಯ್ತಾ?"

"ಸರಿಯಾಯ್ತು."

"ಆಗ್ಲೇಬೇಕು. ನಿಮ್ಮ ಅಚ್ಚಿಗಿದ್ದ ತೊಗಲನ್ನೆಲ್ಲ ಅವರೇ ಕಿತ್ತು ಎರಡು ದಿನ ಅರದಲ್ಲಿ ಉಜ್ಜಿದ್ರು. ನಂಗೆ ಮುಟ್ಟೋಕೂ ಬಿಡ್ಲಿಲ್ಲ."

"ಕೋಪ ಇತ್ತಾ ಮೇಸ್ತ್ರಿ ಅವರಿಗೆ?"

"ಕೋಪಾನಾ? ಇಲ್ಲಮ್ಮ. ಎಲ್ಲಾ ಮುಗಿದ ಮೇಲೆ ಕೈ ಧೂಳು ಕೊಡವಿಕೊಂಡು, 'ಮಗು ಬೆಳೆದಾಯ್ತಂತೆ ಮೇಸ್ತ್ರಿ, ಇನ್ನು ನಂದೇನು ಕೆಲ್ಸ' ಅಂದ್ರು. ನಕ್ಕೊಂಡೇ ಅಂದ್ರು."

ಅವಳು ವೇದಿಕೆ ಹತ್ತಿದಳು. ಮಡಿಕೆ ಬಿದ್ದ ಹಾಳೆಗಳು ಕೈಯಲ್ಲೇ ಇದ್ದವು, ಬಿಚ್ಚಲಿಲ್ಲ. ಮೈಕಿನ ಮುಂದೆ ನಿಂತಳು. ಮುಂದಿನ ಸಾಲಿನಲ್ಲಿ ತಮ್ಮ, ಓದು ಓದು ಎಂದು ಕೈಸನ್ನೆ ಮಾಡುತ್ತಿದ್ದ.

"ನಮ್ಮಪ್ಪ ನಿಮಗೆಲ್ಲ ಸರಿಯಾದ ಅಳತೆ ಕೊಟ್ರು" ಎಂದಳು. "ನಮಗೆ ಮಾತ್ರ ಯಾವಾಗ್ಲೂ ಒಂದು ಅಳತೆ ದೊಡ್ಡದು."

ಸಭೆ ನಕ್ಕಿತು. ಅವಳು ನಗು ನಿಲ್ಲುವವರೆಗೆ ಕಾದಳು.

"ಸರಿಯಾದ್ದು ಮಾಡು ಅಂತ ನಾನೇ ಜಗಳ ಆಡಿದೆ. ಮಾಡಿಬಿಟ್ಟ. ನಾನು ಹಾಗನ್ನಬಾರ್ದಿತ್ತು. ನಾನಿನ್ನೂ ಬೆಳೀತೀನಿ ಅಂತ ಕಾಯೋರು ಇನ್ಯಾರೂ ಇಲ್ಲ."

ಅಷ್ಟು ಹೇಳಿ ಇಳಿದು ಬಂದು ತಮ್ಮನ ಪಕ್ಕ ಕೂತಳು. ಅಳು ಆಗಲೂ ಬರಲಿಲ್ಲ. ಮುಂದಿನವರ ಭಾಷಣ ಶುರುವಾದಾಗ ಅವಳು ಬಗ್ಗಿ, ಬಲಗಾಲಿನ ಬೂಟು ಬಿಚ್ಚಿ, ಕೈಯಲ್ಲಿದ್ದ ಕಾಗದವನ್ನು ಇನ್ನೊಂದು ಮಡಿಕೆ ಮಡಿಚಿ ಮೂತಿಗೆ ತುರುಕಿದಳು. ಕಾಲು ಹಾಕಿ ನೋಡಿದಳು. ತೆಗೆದು, ಇನ್ನೂ ಚಿಕ್ಕದಾಗಿ ಮಡಿಚಿ, ಮತ್ತೆ ಹಾಕಿ ನೋಡಿದಳು.

"ಅಕ್ಕಾ, ಏನ್ ಮಾಡ್ತಿದೀಯ?" ಎಂದು ತಮ್ಮ ಪಿಸುಗುಟ್ಟಿದ.

"ಜಾಗ ಇಲ್ಲ ಕಣೋ" ಎಂದಳು.