ಕೋ-ಪೈಲಟ್ ಗವಿಸಿದ್ದಯ್ಯ ಕೂಗದ ಮಾತು

ಗಿರಿಜಾಂಬ ಭಾವನ ಕೈಯಿಂದ ಹಾಳೆಯನ್ನು ಕಿತ್ತುಕೊಂಡಳು. ಜಗುಲಿಯ ಮೇಲೆ ಅವಳ ಗಂಡ ಗವಿಸಿದ್ದಯ್ಯನ ಹೆಣವನ್ನು ವಿಭೂತಿ ಬಳಿದು ಗೋಡೆಗೆ ಒರಗಿಸಿ ಕೂರಿಸಿದ್ದರು. ಇಷ್ಟು ವರ್ಷ ಭಾವನ ಮುಂದೆ ದನಿ ಎತ್ತದವಳು ಇವತ್ತು ನೆರೆದವರಿಗೆಲ್ಲ ಕೇಳುವಂತೆ ಓದಿದಳು: "ಕ್ಯಾಪ್ಟನ್ ಒಬ್ಬನ ಬೇಜವಾಬ್ದಾರಿಯಿಂದ ಬಾಳು ಕಳೆದುಕೊಂಡ ನಿರ್ದೋಷಿ ಪೈಲಟ್... ಇದ್ಯಾರು ಬರ್ದಿದ್ದು ಭಾವ?"

"ನಾನೇ ಬರೆಸ್ದೆ. ಮಣ್ಣು ಮಾಡೋವಾಗ ಐನೋರು ಓದ್ತಾರೆ," ಎಂದ ಪಂಚಾಕ್ಷರಯ್ಯ. "ಸಮಾಧಿ ಕಲ್ಲಿನ ಮೇಲೂ ಕೆತ್ತಿಸ್ತೀನಿ."

"ಇದು ಸುಳ್ಳು."

"ಸುಮ್ಕಿರಮ್ಮ. ವಿಚಾರಣೆ ಮಾಡಿದೋರೇ ತಪ್ಪೆಲ್ಲ ಕ್ಯಾಪ್ಟನ್‌ದು ಅಂದವ್ರೆ. ತಮ್ಮನ ಮಾನ ಉಳಿಸೋದು ನನ್ನ ಧರ್ಮ."

ತಮ್ಮನ ಮಾನವೋ ತನ್ನ ಮಾನವೋ, ದೇವರಿಗೇ ಗೊತ್ತು. ಅವರ ಊರಾದ ಅಕ್ಕೂರಿನಲ್ಲಿ ಆಗ ರೇಷ್ಮೆಯದೇ ದರ್ಬಾರು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗಿ, ಹೆಂಚಿನ ಮನೆಗಳಿಗೆ ಮಹಡಿ ಬಂದಿತ್ತು. ಪಂಚಾಕ್ಷರಯ್ಯನ ಮಹಡಿ ಎಲ್ಲಕ್ಕಿಂತ ಎತ್ತರ. ಅಂಥವನ ತಮ್ಮ ಹದಿನೇಳು ವರ್ಷದ ಕೆಳಗೆ ವಿಮಾನ ಬೀಳಿಸಿ, ಕುಂಟುಕಾಲಲ್ಲಿ ಊರಿಗೆ ಬಂದು ಹುಳು ಮೇಯಿಸುತ್ತಿದ್ದಾನೆ ಎಂದು ಯಾರಾದರೂ ಅಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಸೊಪ್ಪು ಕೊಯ್ಯುವ ಮಾರಕ್ಕ ಓಡಿಬಂದಳು. "ಅವ್ವಾರೇ, ಬೇಲಿ ತಾವ ವಯಸ್ಸಾದ ಅಮ್ಮ ಒಬ್ರು ಬುರ್ಖಾ ಹಾಕ್ಕೊಂಡು ನಿಂತವ್ರೆ. ಶರ್ಫುನ್ನೀಸಾ ಅಂತೆ, ಮೈಸೂರಿಂದ ಬಂದವ್ರೆ. ಒಳಕ್ ಬನ್ನಿ ಅಂದ್ರೂ ಬತ್ತಿಲ್ಲ."

"ಆ ಕ್ಯಾಪ್ಟನ್ ಹೆಂಡ್ತಿ!" ಪಂಚಾಕ್ಷರಯ್ಯನ ಮುಖ ಕೆಂಪಾಯಿತು. "ಅಲ್ಲಿಂದ್ಲೇ ಕಳಿಸ್ಬುಡು."

"ಒಸಿ ಇರಕ್ಕೇಳು ಮಾರಕ್ಕ. ನಾನೇ ಬತ್ತೀನಿ," ಎಂದಳು ಗಿರಿಜಾಂಬ.

*

ಗವಿಸಿದ್ದಯ್ಯ ಆ ದಿನದ ಕತೆ ಹೇಳಿದ್ದು ಒಂದೇ ಸಲ. ರೇಷ್ಮೆಹುಳು ಮೇವು ಬಿಟ್ಟು ಹಣ್ಣಾಗಿ ಗೂಡು ಕಟ್ಟುತ್ತಿದ್ದ ಒಂದು ಮಧ್ಯಾಹ್ನ, ಅವನ್ನು ಬಿಟ್ಟಿದ್ದ ಬಿದಿರಿನ ಚಂದ್ರಿಕೆ ತಟ್ಟೆಗಳ ಪಕ್ಕ ಕೂತು ಹೇಳಿದ್ದ.

ವಿಮಾನ ಇಳಿಯುತ್ತಿತ್ತು. ಹೊರಗೆ ಬರೀ ಮೋಡ. ಕ್ಯಾಪ್ಟನ್ ಕಾಕ್‌ಪಿಟ್‌ನಲ್ಲಿ ತಮ್ಮ ಸೀಟಿನ ಹಿಂದೆ ಕೂರಿಸಿಕೊಂಡಿದ್ದ ಗೆಳೆಯನ ಜೊತೆ ಮಗಳ ಮದುವೆಯ ಮಾತಿನಲ್ಲಿ ಮುಳುಗಿದ್ದರು. ಎತ್ತರ ತೋರಿಸುವ ಮುಳ್ಳು ಇರಬೇಕಾದ್ದಕ್ಕಿಂತ ಕೆಳಗಿತ್ತು. ಗವಿಸಿದ್ದಯ್ಯ ಅದನ್ನು ನೋಡಿದ. ಆದರೆ ಕ್ಯಾಪ್ಟನ್ ಮೈಸೂರಿನವರು, ಅಪ್ಪನ ವಯಸ್ಸಿನವರು, ಕೈಹಿಡಿದು ಕೆಲಸ ಕಲಿಸಿದವರು. ಹಿರಿಯರ ಮುಖಕ್ಕೆ ಹೊಡೆದ ಹಾಗೆ ಹೇಳುವುದುಂಟೇ?

"'ಇವತ್ತು ನೆಲ ಒಸಿ ಬೇಗ ಬಂದಂಗೈತೆ ಸಾರ್' ಅಂದೆ ಕಣೆ. ನಗ್ತಾ ಅಂದೆ. ತಮಾಷೆ ಅಂದ್ಕೊಂಡು ಅವ್ರೂ ನಕ್ಕರು. 'ಬೇಗ ಬಂದ್ರೆ ಬೇಗ ಮನೆಗೆ ಹೋಗೋಣ ಬಿಡಯ್ಯ' ಅಂದ್ರು." ಗವಿಸಿದ್ದಯ್ಯ ಮುಖ ಮುಚ್ಚಿಕೊಂಡ. "ಇನ್ನೊಂದ್ಸಲ ಕೂಗ್ಬೋದಿತ್ತು. ಕೂಗ್ನಿಲ್ಲ. ಕೆರೆ ಏರಿಗೆ ಹೊಡೆದ್ಬುಡ್ತು. ಹನ್ನೊಂದು ಜನ ಹೋದ್ರು, ಕ್ಯಾಪ್ಟನ್ನೂ ಹೋದ್ರು. ವಿಚಾರಣೆಲೂ ನಾನು ಪೂರ್ತಿ ಹೇಳ್ನಿಲ್ಲ ಗಿರಿಜಾ. ಎಲ್ಲಾನೂ ಸತ್ತೋರ ಮೇಲೆ ಹಾಕ್ಬುಟ್ಟು ಬಂದೆ. ನನ್ ಬಾಯಲ್ಲಿ ಬರಾಕಿಲ್ಲ. ನೀನಾದ್ರೂ ಒಂದಿನ ಹೇಳ್ಬುಡು."

ಅವನ ಹುಳುಮನೆಯಲ್ಲಿ ಮಾತ್ರ ಸುತ್ತು ಮಾತಿಗೆ ಜಾಗವಿರಲಿಲ್ಲ. ಮಾರಕ್ಕ ಕೆಲಸಕ್ಕೆ ಬಂದ ಹೊಸತರಲ್ಲಿ "ಸೊಪ್ಪು ಯಾಕೋ ತಣ್ಣಗೈತೆ ಅಯ್ಯಾ" ಎಂದದ್ದಕ್ಕೆ ಸಿಡಿದುಬಿದ್ದಿದ್ದ: "ಒದ್ದೆ ಐತೆ, ಹಾಕ್ಬ್ಯಾಡಿ ಅನ್ನು! ಹುಳು ಸತ್ತಮೇಲೆ ನಿನ್ ಮರ್ಯಾದೆ ಯಾರಿಗ್ ಬೇಕು?" ಊರು ಅವನನ್ನು ಒರಟ ಎಂದಿತು. ಕಾರಣ ಗಿರಿಜಾಂಬಳೊಬ್ಬಳಿಗೇ ಗೊತ್ತಿತ್ತು.

*

ತೋಟದ ಅಂಚಿನ ಗುಂಡಿಯಲ್ಲಿ ಗವಿಸಿದ್ದಯ್ಯನನ್ನು ಕೂರಿಸಿದರು. ಐನೋರು ಮಂತ್ರ ಮುಗಿಸಿ ಹಾಳೆಗೆ ಕೈ ಚಾಚಿದರು. ಗಿರಿಜಾಂಬ ಅದನ್ನು ನಾಲ್ಕು ಚೂರು ಮಾಡಿ ಬಿಸಾಕಿದಳು. ಸೀದಾ ಬೇಲಿಗೆ ಹೋಗಿ ಶರ್ಫುನ್ನೀಸಾಳ ಕೈ ಹಿಡಿದುಕೊಂಡೇ ಬಂದಳು.

ಪಂಚಾಕ್ಷರಯ್ಯ ಅಡ್ಡ ನಿಂತ. "ಆಯಮ್ಮ ಇಲ್ಲಿಗ್ ಬಂದ್ರೆ ನಾನು ಮಣ್ಣು ಹಾಕಾಕಿಲ್ಲ."

"ಬ್ಯಾಡಿ," ಎಂದಳು ಗಿರಿಜಾಂಬ. "ಅಮ್ಮಾ, ನಿಮ್ಮ ಯಜಮಾನ್ರು ಮಾತಾಡ್ತಿದ್ದಿದ್ದು ದಿಟ. ನಮ್ಮೋರು ಮುಳ್ಳು ನೋಡಿದ್ದೂ ದಿಟ. ನೋಡ್ಬುಟ್ಟೂ ಕೂಗ್ನಿಲ್ಲ. ಹದಿನೇಳು ವರ್ಷ ತಪ್ಪೆಲ್ಲ ನಿಮ್ಮನೆ ಮೇಲೇ ಬುಟ್ಟಿದ್ರು. ಎಲ್ಲಾರೂ ಕೇಳಿಸ್ಕೊಳ್ಳಿ! ನನ್ ಗಂಡ ಒಳ್ಳೇರು. ತಪ್ಪು ಮಾಡಿದ್ರು. ಎರಡೂ ಹೇಳ್ತೀನಿ, ಯಾರು ಬಂದು ಬಾಯಿ ಮುಚ್ಚಿಸ್ತೀರೋ ಮುಚ್ಚಿಸಿ."

ಶರ್ಫುನ್ನೀಸಾ ಗುಂಡಿಯ ಅಂಚಿಗೆ ಬಂದು ಒಳಗೆ ಬಗ್ಗಿ ನೋಡಿದಳು. "ನಮ್ಮೋರಿಗೆ ಮಾತು ಜಾಸ್ತಿ," ಎಂದಳು. "ಆದ್ರೆ ಹೇಳಿದ್ರೆ ಕೇಳ್ತಿದ್ರು ಮಗಾ. ಕೇಳ್ತಿದ್ರು."

ಗಿರಿಜಾಂಬ ಬಗ್ಗಿ ಮಣ್ಣನ್ನು ಬಾಚಿ ಮೊದಲು ಅವಳ ಬೊಗಸೆಗೆ ತುಂಬಿದಳು. ಮುದುಕಿ ಅದನ್ನು ನಿಧಾನವಾಗಿ ಗುಂಡಿಗೆ ಬಿಟ್ಟಳು. ಪಂಚಾಕ್ಷರಯ್ಯ ಅತ್ತಿತ್ತ ನೋಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಿಗೆ ಸಿಕ್ಕಿಸಿ, ಒಂದು ಹಿಡಿ ಮಣ್ಣು ತೆಗೆದುಕೊಂಡು, ಶರ್ಫುನ್ನೀಸಾಳ ಹಿಂದೆ ಬಂದು ನಿಂತುಕೊಂಡ.