ದೊಡ್ಡಮ್ಮನ ಟಿವಿಗೆ ಬರೆದ ಪ್ರೋಗ್ರಾಮು

ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳ್ತೀನಿ. ದೊಡ್ಡಮ್ಮನಿಗೆ ಅಂತ ನಾನು ಮನೆಯಲ್ಲೇ ಒಂದು ಸರ್ವರ್ ಮಾಡಿದೆ. ಮೂಲೆಯಲ್ಲಿ ಬಿದ್ದಿದ್ದ ಹಳೇ ಕಂಪ್ಯೂಟರಿಗೆ ದೊಡ್ಡ ಡಿಸ್ಕ್ ಹಾಕಿ, ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಇನ್ನೂರು ಸಾಲಿನ ಪ್ರೋಗ್ರಾಮು ಬರೆದೆ. ಡಿಸ್ಕಿನಲ್ಲಿರೋ ಸಿನಿಮಾ, ಹಾಡು ಎಲ್ಲಾ ಹುಡುಕಿ ಅವಳ ರೂಮಿನ ಟಿವಿಗೆ ಕಳಿಸೋದು ಅದರ ಕೆಲಸ. ರಿಮೋಟಿನಲ್ಲಿ ಎರಡು ಗುಂಡಿ ಒತ್ತೋಕೆ ಬಂದರೆ ಸಾಕು.

ದೊಡ್ಡಮ್ಮ ಅಂದರೆ ಅಮ್ಮನ ಅಕ್ಕ. ಅಮ್ಮ ಹೋದಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವಳು. ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಮ್ಮ ಮನೆಗೆ ಬಂದಳು. ವಾಕರ್ ಹಿಡಿದು ಟಕ್ ಟಕ್ ಅಂತ ನನ್ನ ಹಿಂದೆಯೇ ಬರೋಳು, ಅಡುಗೆಮನೆಗೆ, ಬಟ್ಟೆ ಒಣಗಿಸೋ ಕಡೆಗೆ, ಕೊನೆಗೆ ನನ್ನ ಮೇಜಿನ ಹತ್ತಿರಕ್ಕೂ. ನಾನೋ ಮನೆಯಿಂದಲೇ ಆಫೀಸು ಕೆಲಸ ಮಾಡೋಳು. ಮೀಟಿಂಗಿನ ನಡುವೆ "ಉಪ್ಪಿನ ಡಬ್ಬಿ ಎಲ್ಲಿಟ್ಟೆಯೇ?" ಅಂತ ಕೇಳೋಳು. ಆ ಕಡೆಯವರು ಗೊಳ್ಳಂತ ನಗೋರು.

ಸರ್ವರ್ ಶುರುವಾದ ದಿನ ನನ್ನ ಕೆನ್ನೆ ಸವರಿ, "ನನಗೋಸ್ಕರ ಟಾಕೀಸನ್ನೇ ಕಟ್ಟಿಬಿಟ್ಟಳಲ್ಲಪ್ಪ ನನ್ನ ಮಗಳು!" ಅಂದಳು. ನಾನು ಉಬ್ಬಿಹೋದೆ.

ಎರಡೇ ದಿನ. ಆಮೇಲೆ ಮನೆ ತಣ್ಣಗಾಯಿತು. ಟಕ್ ಟಕ್ ಇಲ್ಲ, ಮಾತಿಲ್ಲ. ಊಟಕ್ಕೆ ಬಂದು, ತುಟಿ ಪಿಟಕ್ ಅನ್ನದೆ ತಿಂದು, ರೂಮಿಗೆ ಹೋಗೋಳು. "ನೋಡಿದ್ರಾ, ನನ್ನ ಪ್ರೋಗ್ರಾಮು!" ಅಂತ ನಮ್ಮನೆಯವರ ಹತ್ತಿರ ಕೊಚ್ಚಿಕೊಂಡೆ.

"ಯಾಕೋ ಸಪ್ಪಗಿದಾರೆ ಕಣೇ" ಅಂದರು ಅವರು.

"ಸಿನಿಮಾ ನೋಡಿ ನೋಡಿ ಸುಸ್ತಾಗಿರ್ತಾಳೆ ಬಿಡಿ" ಅಂದೆ.

ವಾರ ಕಳೆದಮೇಲೆ, ಅವಳು ಏನೇನು ನೋಡಿದಾಳೆ ಅಂತ ತಿಳಿಯೋ ಚಪಲ ಹುಟ್ಟಿತು. ಯಾವ ಫೈಲು ಯಾವಾಗ ಓಡಿತು ಅಂತ ಪ್ರೋಗ್ರಾಮು ಬರೆದಿಡುತ್ತಿತ್ತು. ತೆಗೆದು ನೋಡಿದೆ. ಶನಿವಾರ, ಭಾನುವಾರ ಒಂದೊಂದು ಸಿನಿಮಾ. ಸೋಮವಾರ ಬೆಳಿಗ್ಗೆ ಯಾವುದೋ ಆಡಿಯೊ, ಮೂರು ಸಲ. ಅದಾದಮೇಲೆ ಆರು ದಿನ ಏನೂ ಇಲ್ಲ.

ಆ ಆಡಿಯೊ ಹಾಕಿದೆ. ನನ್ನದೇ ದನಿ. ತಂಗಿಗೆ ಕಳಿಸಿದ್ದ ವಾಯ್ಸ್ ಮೆಸೇಜು.

"ನಿನಗೇನೇ, ಆರಾಮಾಗಿದೀಯ. ಇಲ್ಲಿ ಬೆಳಿಗ್ಗೆಯಿಂದ ನನ್ನ ತಲೆ ತಿಂತಾಳೆ. ಬಾಲದ ಹಾಗೆ ಹಿಂದೆ ಹಿಂದೇನೇ ಬರ್ತಾಳೆ. ಅದಕ್ಕೇ ಒಂದು ಸರ್ವರ್ ಮಾಡ್ತಿದೀನಿ. ಟಿವಿ ಹಾಕಿ ಬಾಗಿಲು ಎಳೆದರೆ ಒಳಗೇ ಬಿದ್ದಿರ್ತಾಳೆ. ಪೀಡೆ ಕಳೀತು!" ಆಮೇಲೆ ನನ್ನ ನಗು.

ಅಯ್ಯೋ ದೇವರೇ! ಸಿನಿಮಾ ಇರೋ ಫೋಲ್ಡರು ಮಾತ್ರ ಹುಡುಕು ಅಂತ ಬರೆಯಬೇಕಿತ್ತು. ಸೋಮಾರಿತನಕ್ಕೆ ಇಡೀ ಡಿಸ್ಕ್ ಹುಡುಕು ಅಂತ ಬರೆದಿದ್ದೆ. ಭಾನುವಾರ ರಾತ್ರಿ ನನ್ನ ಫೋನಿನ ಬ್ಯಾಕಪ್ಪೂ, ವಾಯ್ಸ್ ಮೆಸೇಜುಗಳ ಸಮೇತ, ಅದೇ ಡಿಸ್ಕಿಗೆ ಬಂದು ಸೇರಿತ್ತು. "ಹೊಸದು ಎಲ್ಲಕ್ಕಿಂತ ಮೇಲೆ ಬರುತ್ತೆ ದೊಡ್ಡಮ್ಮಾ, ಅದನ್ನೇ ಒತ್ತು" ಅಂತ ಹೇಳಿಕೊಟ್ಟವಳೂ ನಾನೇ. ಮಾತು ಆಡಿದರೆ ಹೋಯಿತು ಅಂತಾರೆ. ನನ್ನದು ಎಲ್ಲಿಗೂ ಹೋಗಿರಲಿಲ್ಲ, ಡಿಸ್ಕಿನಲ್ಲಿ ಭದ್ರವಾಗಿ ಕೂತಿತ್ತು.

ಮೊದಲು ಏನು ಮಾಡಿದೆ ಗೊತ್ತಾ? ಆ ಒಂದು ಫೈಲು ಅಳಿಸಿದೆ. ಏನೂ ಆಗೇ ಇಲ್ಲ ಅನ್ನೋ ಹಾಗೆ ಇದ್ದುಬಿಡೋಣ ಅಂತ. ಥೂ, ನನ್ನ ಜನ್ಮಕ್ಕಿಷ್ಟು! ಐದು ನಿಮಿಷ ಕೂತೆ. ಆಮೇಲೆ ಕೂರೋಕಾಗದೆ ಎದ್ದು ಹೋದೆ.

ದೊಡ್ಡಮ್ಮ ಮಂಚದ ಅಂಚಿನಲ್ಲಿ ಟಿವಿ ಕಡೆ ಮುಖ ಮಾಡಿ ಕೂತಿದ್ದಳು. ಟಿವಿ ಆಫ್ ಆಗಿತ್ತು. ರಿಮೋಟು ತೊಡೆಯ ಮೇಲಿತ್ತು.

"ದೊಡ್ಡಮ್ಮಾ, ಸೋಮವಾರ ನೀನು ಕೇಳಿಸಿಕೊಂಡಿದ್ದು... ತಪ್ಪಾಯ್ತು ಕಣಮ್ಮಾ." ಅವಳ ಕಾಲ ಹತ್ತಿರ ಕೂತೆ.

"ಬಿಡು ಮಗಾ. ಕೆಲಸ ಮಾಡೋರಿಗೆ ನನ್ನಿಂದ ತೊಂದರೆ ಅಂತ ನನಗೇ ತಿಳೀಬೇಕಿತ್ತು."

ಬೈದಿದ್ದರೆ ಬದುಕಿಕೊಳ್ತಿದ್ದೆ. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಏನಾದರೂ ಮಾತಾಡಬೇಕಲ್ಲ ಅಂತ, "ಮತ್ತೆ ಟಿವಿ ಯಾಕೆ ಹಾಕ್ಕೊಂಡಿಲ್ಲ? ಸಿನಿಮಾ ಎಲ್ಲಾ ಹಾಗೇ ಇದೆಯಲ್ಲ" ಅಂದೆ.

ದೊಡ್ಡಮ್ಮ ರಿಮೋಟನ್ನು ಮೆಲ್ಲಗೆ ನನ್ನ ಕೈಗಿಟ್ಟಳು.

"ಒತ್ತೋಕೆ ಭಯ ಆಗುತ್ತೆ ಕಣೇ. ಅಂಥದ್ದು ಇನ್ನೊಂದು ಇದ್ದರೆ?"

ಡಿಸ್ಕಿನಲ್ಲಿ ಅಂಥವು ಇನ್ನೂ ಹನ್ನೊಂದಿದ್ದವು.