ತಿರಗ್ಯಾಡಾಕೊಂದು ಬೋಟು

ತಾಡಪಾಲನ್ನು ಎಳೆದ ಕೂಡಲೇ ಒಳಗಿನಿಂದ ಎರಡು ಕೋಳಿಗಳು ಕಿರುಚುತ್ತ ಹಾರಿಬಂದವು. ಒಂದು ತಾರವ್ವನ ಹೆಗಲನ್ನು ರೆಕ್ಕೆಯಿಂದ ಸವರಿಕೊಂಡೇ ಹೋಯಿತು. ಅವಳು ಹಿಂದೆ ಸರಿಯಲಿಲ್ಲ. ಅವಳ ಕಣ್ಣು ಆಗಲೇ ಒಳಗಿನ ಕೆಂಪು ಸೀಟುಗಳ ಮೇಲೆ ನೆಟ್ಟಿತ್ತು. ರೆಕ್ಸಿನ್ನು ಒಡೆದು ಹತ್ತಿ ಹೊರಗೆ ಬಂದಿತ್ತು; ಮೂಲೆಯಲ್ಲಿ ಹುಲ್ಲು, ಪುಕ್ಕ, ತತ್ತಿಯ ಸಿಪ್ಪೆ. ಮುಂದೆ ಕಾರಿಗೆ ಇರುವಂಥದೇ ಸ್ಟೇರಿಂಗು, ಅದರ ಮುಂದೆ ಬಿರುಕು ಬಿಟ್ಟ ಗಾಜು, ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟ ಎಂಜಿನ್ನು.

“ಇದ ನೋಡ್ರಿ ಮಾಲು,” ಎಂದರು ಬಾಳಾಸಾಹೇಬರು. ಹಿಪ್ಪರಗಿಯ ಹೊಳೆದಂಡೆಯ ಅರ್ಧ ಕಬ್ಬು ಅವರದೇ. ಅವರ ತೋಟದ ಈ ತಗಡಿನ ಶೆಡ್ಡಿನಲ್ಲಿ ಬೋಟು ವರ್ಷಗಟ್ಟಲೆ ಬಿದ್ದಿತ್ತು. “ಮಶೀನ್ ಛಲೋ ಐತಿ, ಪರದೇಶದ್ದು. ಚಿಮ್ಮಡದ ಬಸಗೊಂಡಪ್ಪ ಬರೇ ಮಶೀನ್ ಕೇಳಾಕತ್ತಾನ. ಅದನ್ನ ಬಿಚ್ಚಿ ಪಂಪಿಗೆ ಜೋಡಸ್ತಾನಂತ. ದೋಣಿ ಒಡದು ಒಲಿಗೆ ಹಾಕ್ರಿ ಅಂತಾನ. ನಿಮಗೂ ಮಶೀನ್ ಅಷ್ಟ ಸಾಕಲ್ಲೇನು?”

“ನನಗ ಪೂರ್ತಿ ಬೇಕ್ರಿ.”

“ದೋಣಿ ತಗೊಂಡು ಏನ್ ಮಾಡ್ತೀರಿ ನರ್ಸಬಾಯಿ? ಉಸುಕು ತುಂಬಾಕ ಇದು ಬರೂದಿಲ್ಲ. ಮಂದಿ ದಾಟಸಾಕಂದ್ರ ಸಣ್ಣದಾತು.”

“ತಿರಗ್ಯಾಡಾಕ್ರಿ,” ಎಂದಳು ತಾರವ್ವ. “ಮನಿ ಮಂದಿ ಎಲ್ಲಾ ಕೂತು ತಿರಗ್ಯಾಡಾಕ.”

ಬಾಳಾಸಾಹೇಬರು ಅವಳ ಗಂಡನ ಮುಖ ನೋಡಿದರು. ಆರೋಗ್ಯ ಇಲಾಖೆಯ ಜೀಪು ಓಡಿಸುವ ನಾಮದೇವ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಎಂಜಿನ್ನಿನ ಗೋಣಿಚೀಲ ಬಿಚ್ಚುವುದರಲ್ಲಿ ಮುಳುಗಿದ್ದ. ಜಮಖಂಡಿಯಿಂದ ಬರುವಾಗ ದಾರಿಯುದ್ದಕ್ಕೂ ಅವನು ಹೇಳಿದ್ದು ಒಂದೇ ಮಾತು: ಈಜು ಬಾರದವನ ಮನೆಗೆ ಬೋಟು ಯಾಕೆ? ತಾರವ್ವ ಉತ್ತರ ಕೊಟ್ಟಿರಲಿಲ್ಲ.

ಉತ್ತರ ಅವಳಿಗೂ ಪೂರ್ತಿಯಾಗಿ ಗೊತ್ತಿರಲಿಲ್ಲ. ಹಿಪ್ಪರಗಿಯಲ್ಲಿ ಹೊಳೆಯೆಂದರೆ ಬಟ್ಟೆ ಒಗೆಯುವುದಕ್ಕೆ, ದನ ಮೈತೊಳೆಯುವುದಕ್ಕೆ, ದಾಟುವುದಕ್ಕೆ. ಅದರ ಮೇಲೆ ಸುಮ್ಮನೆ ಸುತ್ತಾಡುವುದೆಂಬುದು ಯಾರ ತಲೆಗೂ ಬಂದಿರಲಿಲ್ಲ, ಬಾಳಾಸಾಹೇಬರ ಅಣ್ಣ ಶಿದ್ರಾಮಪ್ಪನೊಬ್ಬನನ್ನು ಬಿಟ್ಟು. ಮುಂಬೈಯಲ್ಲಿ ಓದಿ ಬಂದವನು ಈ ಬೋಟನ್ನು ಲಾರಿಯಲ್ಲಿ ಹೇರಿಸಿಕೊಂಡು ತಂದಿದ್ದ. ಅದರ ಹಿಂದೆ ಹಗ್ಗ ಕಟ್ಟಿ, ಗೆಳೆಯನಿಗೆ ಬೋಟು ಓಡಿಸಲು ಹೇಳಿ, ತಾನು ಹಗ್ಗ ಹಿಡಿದು ಹಲಗೆಯೊಂದರ ಮೇಲೆ ನಿಂತು ನೀರ ಮೇಲೆ ಜಾರಿಕೊಂಡು ಹೋಗುತ್ತಿದ್ದ. ದಂಡೆಯಲ್ಲಿ ಅವ್ವನ ಜೊತೆ ಬಟ್ಟೆ ಒಗೆಯುತ್ತಿದ್ದ ಹುಡುಗಿ ತಾರವ್ವ ಸೀರೆ ಹಿಂಡುವುದನ್ನು ಬಿಟ್ಟು ಬಾಯಿ ತೆರೆದು ನೋಡಿದ್ದಳು. ಅವನು ನಗುತ್ತಿದ್ದ. ಹೊಳೆಯ ನಡುವೆ ನಿಂತು ಯಾರಾದರೂ ನಗುವುದನ್ನು ಅವಳು ಅದೇ ಮೊದಲು ಕಂಡದ್ದು.

ಈಗ ಅವಳು ಬೋಟಿನ ಸುತ್ತ ಬಂದಳು. ಹೆಬ್ಬೆರಳಿನಿಂದ ಕಟ್ಟಿಗೆಯನ್ನು ಅಲ್ಲಲ್ಲಿ ಒತ್ತಿ ನೋಡಿದಳು. ಮೆತ್ತಗಾಗಿರಲಿಲ್ಲ. ಬಾವಿಯಿಂದ ನಾಲ್ಕು ಕೊಡ ನೀರು ತಂದು ಬೋಟಿನೊಳಗೇ ಸುರಿದು, ಬಗ್ಗಿ ಅಡಿಯನ್ನು ನೋಡಿದಳು. ಎರಡು ಕಡೆ ಸಂದಿಯಿಂದ ನೀರು ತೊಟ್ಟಿಕ್ಕತೊಡಗಿತು.

“ಸೋರತೈತಲ್ರಿ,” ಎಂದರು ಬಾಳಾಸಾಹೇಬರು, ತಮ್ಮ ಮಾಲಿನ ಮೇಲೆ ತಮಗೇ ಮುನಿಸು ಬಂದವರಂತೆ.

“ಎರಡ ಕಡೆ ಅಷ್ಟ. ಡಾಂಬರ ಹಚ್ಚಿದ್ರ ನಿಲ್ಲತೈತಿ.” ಅವಳು ಎದ್ದು ಕೈ ಒರೆಸಿಕೊಂಡಳು. “ಹಲಗಿ ಎಲ್ಲೈತ್ರಿ ಸಾವ್ಕಾರ್ರ?”

“ಯಾವ ಹಲಗಿ?”

“ನಿಮ್ಮ ಅಣ್ಣಾರು ಮ್ಯಾಲ ನಿಂತು ಹೋಗತಿದ್ರಲ್ರಿ, ಹಿಂದ ಹಗ್ಗ ಹಿಡಕೊಂಡು.”

ಬಾಳಾಸಾಹೇಬರು ಶೆಡ್ಡಿನ ಕಂಬಕ್ಕೆ ಕೈ ಕೊಟ್ಟು ನಿಂತರು. ಶಿದ್ರಾಮಪ್ಪ ಜಡ್ಡಿನಿಂದ ತೀರಿಕೊಂಡ ಮೇಲೆ ಆ ಮನೆಯಲ್ಲಿ ಬೋಟಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಕೇಳಲು ಬಂದವರೆಲ್ಲ ಎಂಜಿನ್ನಿನ ಕುದುರೆಬಲ ಕೇಳಿದ್ದರು, ಕಟ್ಟಿಗೆಯ ತೂಕ ಕೇಳಿದ್ದರು.

“ನೀವು ನೋಡೀರೇನು ಅದನ್ನ?”

“ನೋಡೀನ್ರಿ. ಒಂದ್ಸಲ ಬಿದ್ರು. ನಾವೆಲ್ಲಾ ಚೀರಿದ್ವಿ. ಎದ್ದು ನಮಗ ಕೈ ಮಾಡಿ ತೋರಿಸಿದ್ರು, ಏನೂ ಆಗಿಲ್ಲಂತ.”

“ಬಿದ್ದಿದ್ದ, ಹೌದು.” ಬಾಳಾಸಾಹೇಬರ ದನಿ ಸಣ್ಣದಾಯಿತು. “ಮನ್ಯಾಗ ಹೇಳಬ್ಯಾಡ ಅಂದಿದ್ದ ನನಗ.” ಆಮೇಲೆ ಬೋಟಿನ ಅಂಚನ್ನು ಕೈಯಿಂದ ತಟ್ಟಿದರು. “ಹಲಗಿ ಇಲ್ಲ. ಅದು ಅವನ ಕೂಡ ಹೋತು. ಬೋಟು ನಿಮಗ ಕೊಡ್ತೀನಿ ತಗೋರಿ. ಬಸಗೊಂಡಪ್ಪಗ ನಾ ಹೇಳತೀನಿ.”

“ಹಂಗಲ್ರಿ. ನೀರಿಗೆ ಇಳಿಸಿ ನೋಡದ ನಾ ತಗೊಳ್ಳೂದಿಲ್ಲ.”

“ಇಲ್ಲೇ ದಂಡಿ ಮ್ಯಾಲ ಇಳಿಸಿದ್ರ ಊರ ಮಂದಿ ಎಲ್ಲಾ ನೋಡತಾರ್ರಿ.” ಅವರು ಹೇಳದೆ ಬಿಟ್ಟದ್ದು ತಾರವ್ವನಿಗೂ ನಾಮದೇವನಿಗೂ ಕೇಳಿಸಿತು. ಕೇರಿಯ ಮರೆವ್ವನ ಮಗಳು ಸಾವ್ಕಾರರ ಬೋಟಿನಲ್ಲಿ ಕೂರುವುದನ್ನು ಊರು ನೋಡುತ್ತದೆ.

“ನೋಡ್ಲಿ ಬಿಡ್ರಿ,” ಎಂದಳು ತಾರವ್ವ.

ಡಾಂಬರು ಹಚ್ಚಿ ಒಣಗಿಸಿ, ಮುಂದಿನ ರವಿವಾರ ಎತ್ತಿನ ಬಂಡಿಯ ಮೇಲೆ ಬೋಟನ್ನು ಹೊಳೆಗೆ ತಂದರು. ದೀಪಾವಳಿ ಕಳೆದಿತ್ತು. ಮಳೆಗಾಲದ ಕೆಂಪು ನೀರು ತಿಳಿಯಾಗಿ ದಂಡೆಯಿಂದ ದಂಡೆಗೆ ತುಂಬಿ ನಿಂತಿತ್ತು. ಬಟ್ಟೆ ಒಗೆಯುವವರು, ದನ ಕಾಯುವವರು, ಊರ ದೋಣಿಗೆ ಕಾಯುತ್ತಿದ್ದವರು ಎಲ್ಲರೂ ಬಂದು ಸುತ್ತ ನಿಂತರು. ನಾಮದೇವ ಮೊಣಕಾಲುದ್ದ ನೀರಲ್ಲಿ ನಿಂತು ಎಂಜಿನ್ನಿನ ಹಗ್ಗ ಜಗ್ಗಿದ. ಗೊರ್ ಎಂದು ಸುಮ್ಮನಾಯಿತು. ಮತ್ತೆ ಜಗ್ಗಿದ. ಮತ್ತೆ ಗೊರ್. ಅಂಗಿ ಬೆವರಿಗೆ ಬೆನ್ನಿಗಂಟಿತು.

“ನರ್ಸಬಾಯಿ, ಒಂದು ಇಂಜೆಕ್ಷನ್ ಮಾಡ್ರಿ ಅದಕ್ಕ!” ಯಾರೋ ಕೂಗಿದರು. ದಂಡೆಯೆಲ್ಲ ನಕ್ಕಿತು. ತಾರವ್ವನಿಗೂ ನಗು ಬಂತು.

“ಮಾಡ್ತೀನಿ ತಡಿರಿ, ಮೊದಲು ನಿಮಗ ಮಾಡಿ ಆಮ್ಯಾಲ ಅದಕ್ಕ!”

ನಗೆಯ ನಡುವೆಯೇ ನಾಮದೇವ ಪ್ಲಗ್ಗು ಬಿಚ್ಚಿ, ಉಜ್ಜಿ, ಊದಿ, ಮತ್ತೆ ಹಾಕಿ ಹಗ್ಗ ಜಗ್ಗಿದ. ಎಂಜಿನ್ನು ಒಮ್ಮೆ ಕೆಮ್ಮಿ, ನೀಲಿ ಹೊಗೆ ಉಗುಳಿ, ಆಮೇಲೆ ಒಂದೇ ಸಮನೆ ಗುಡುಗಿತು. ದಂಡೆಯಲ್ಲಿದ್ದ ಎಮ್ಮೆಗಳು ಬಾಲ ಎತ್ತಿ ಓಡಿದವು.

“ತಾರಾ, ನೀನ ನಡಸು. ನಾ ಇಲ್ಲಿಂದ ಹೇಳತೀನಿ,” ಎಂದು ನಾಮದೇವ ಎರಡು ಹೆಜ್ಜೆ ದಂಡೆಯ ಕಡೆ ಸರಿದ.

ತಾರವ್ವ ಸೀರೆ ಎತ್ತಿ ಕಟ್ಟಿ ಬೋಟು ಹತ್ತಿ ಸ್ಟೇರಿಂಗು ಹಿಡಿದಳು. ಆಗ ಯಾರೂ ಎಣಿಸದ್ದು ನಡೆಯಿತು. ಬಾಳಾಸಾಹೇಬರು ಚಪ್ಪಲಿ ಕಳಚಿ, ಧೋತರದ ಚುಂಗು ಎತ್ತಿಕೊಂಡು ನೀರಿಗಿಳಿದು ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತರು.

“ಎಡಕ್ಕ ತಿರುವಿದ್ರ ಎಡಕ್ಕ ಹೋಗತೈತಿ, ಬಲಕ್ಕ ತಿರುವಿದ್ರ ಬಲಕ್ಕ. ಬ್ರೇಕ್ ಇಲ್ಲ, ನೆನಪಿರ್ಲಿ. ಹ್ಞಾಂ, ಬಿಡ್ರಿ.”

ಬೋಟು ಮುಂದಕ್ಕೆ ಜಿಗಿಯಿತು. ದೊಡ್ಡದೊಂದು ಸುತ್ತು ಹೊಡೆದು ತಿರುಗಿ ಬರುವಾಗ ತಾರವ್ವನ ಕೈ ಹದಕ್ಕೆ ಬಂದಿತ್ತು. ಪಕ್ಕದಲ್ಲಿ ಬಾಳಾಸಾಹೇಬರು ಟೋಪಿಯನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದರು. ಅವರ ಕಣ್ಣಲ್ಲಿ ನೀರಿತ್ತು, ಗಾಳಿಗೆ ಬಂದದ್ದಿರಬಹುದು. ದರದ ಮಾತು ಆಮೇಲೆ ಚಹಾ ಆರುವುದರೊಳಗೆ ಮುಗಿಯಿತು.

ಅವ್ವನ ಮಾತು ಹಾಗೆ ಮುಗಿಯುವಂಥದಾಗಿರಲಿಲ್ಲ.

ಮರೆವ್ವನ ತವರು ಕಣ್ಣೆದುರಿಗೇ ಇತ್ತು. ಹೊಳೆಯ ಈಚೆ ನಿಂತರೆ ಆಚೆ ದಂಡೆಯ ಜಾಲಿಗಿಡಗಳ ಮೇಲೆ ಅವಳ ತಮ್ಮ ದಶರಥನ ಮನೆಯ ಒಲೆಯ ಹೊಗೆ ಕಾಣುತ್ತಿತ್ತು. ಮದುವೆಯಾದ ಹೊಸತರಲ್ಲಿ ಊರ ದೋಣಿಯಲ್ಲಿ ಹೋಗಿ ಬರುತ್ತಿದ್ದಳು. ಕೇರಿಯವರು ಎಲ್ಲರೂ ಹತ್ತಿದ ಮೇಲೆ ಹತ್ತಬೇಕು. ಅಡ್ಡಹಲಗೆಯ ಮೇಲೆ ಕೂರುವಂತಿಲ್ಲ, ತಳದಲ್ಲಿ ನೀರು ನಿಲ್ಲುವ ಕಡೆ ಕುಕ್ಕುರುಗಾಲಲ್ಲಿ ಇರಬೇಕು. ತಾರವ್ವ ಹೊಟ್ಟೆಯಲ್ಲಿದ್ದಾಗ ಒಂದು ಬೆಳಿಗ್ಗೆ ತವರಿನಿಂದ ತನ್ನ ಅಪ್ಪ ತೀರಿಕೊಂಡನೆಂಬ ಸುದ್ದಿ ಬಂತು. ಅಳುತ್ತ ಓಡಿ ದೋಣಿ ಹತ್ತಿದ್ದಳು. ಅಷ್ಟರಲ್ಲಿ ಸಂತೆಗೆ ಹೋಗುವ ಯಾರದೋ ಆಡುಗಳು ಬಂದವು. “ಇಳಿ ಬೇ, ಆಡು ನಿಲ್ಲಾಕ ಜಾಗ ಇಲ್ಲ,” ಎಂದ ದೋಣಿಯವನು. ಅವಳು ಇಳಿದಳು. ದೋಣಿ ತಿರುಗಿ ಬರುವ ಮೊದಲೇ ಆಚೆ ದಂಡೆಯಲ್ಲಿ ಅಪ್ಪನನ್ನು ಹೊತ್ತುಕೊಂಡು ಹೋಗುವುದು ಈಚೆಯಿಂದಲೇ ಕಂಡಿತು. ಅಂದಿನಿಂದ ಮರೆವ್ವ ದೋಣಿಗೆ ಕಾಲಿಟ್ಟಿರಲಿಲ್ಲ. ತವರಿಗೆ ಹೋಗಬೇಕಾದರೆ ಸೇತುವೆಯಿರುವ ಕಡೆಯಿಂದ ಬಸ್ಸು ಬದಲಿಸಿ ಬದಲಿಸಿ ಅರ್ಧ ದಿನ ಸುತ್ತಬೇಕು. ಹಾಗೂ ಹೋದದ್ದು ಮದುವೆ, ಸಾವು ಎಂದು ನಾಲ್ಕೈದು ಸಲ.

“ಬೋಟು ತಗೊಂಡೀನಿ ಬೇ ಯವ್ವಾ. ನಾಳೆ ಬಾ,” ಎಂದು ಆ ಸಂಜೆ ತಾರವ್ವ ಹೇಳಿದಾಗ ಮರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ನಾ ಒಲ್ಲೆ.”

“ಇದು ನಮ್ಮದ ಐತಿ.”

“ನಿಮ್ಮದಿರ್ಲಿ. ನಾ ಒಲ್ಲೆ ಅಂದ್ನೆಲ್ಲ? ಚಂದಂಗ ಆಡ್ರಿ ಹೋಗ್ರಿ.”

ಅವ್ವನನ್ನು ಒಪ್ಪಿಸುವುದು ತಾರವ್ವನಿಗೆ ಯಾವತ್ತೂ ಆಗಿರಲಿಲ್ಲ. ರಾತ್ರಿ ಮಲಗುವಾಗ, ಬೋಟು ತಗೊಂಡದ್ದು ಯಾರಿಗಾಗಿ ಎಂಬುದು ಮಾತ್ರ ಅವಳಿಗೆ ಸ್ಪಷ್ಟವಾಗಿತ್ತು. ಅದಕ್ಕೇ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು, ಪೆಟ್ರೋಲ್ ಡಬ್ಬಿ ಹಿಡಿದ ನಾಮದೇವನೊಡನೆ ಅವಳು ದಂಡೆಗೆ ಬಂದಾಗ ಮರೆವ್ವ ಅಲ್ಲಿ ಮೊದಲೇ ನಿಂತಿದ್ದಳು. ಮೈಮೇಲೆ ಮಡಿಕೆ ಮುರಿಯದ ಇಳಕಲ್ ಸೀರೆ, ಕಂಕುಳಲ್ಲಿ ರೊಟ್ಟಿಯ ಗಂಟು.

“ಹಿಂಗ ನೋಡ್ಬೇಕಂತ ಬಂದೆ,” ಎಂದಳು. ಬೋಟಿನ ಅಂಚಿಗೆ ಕೈಯಿಟ್ಟು ಒಳಗೆ ಇಣುಕಿದಳು. “ಇದರಾಗ ನಾ ಎಲ್ಲಿ ಕೂಡಬೇಕು?”

“ಎಲ್ಲಿ ಬೇಕಲ್ಲಿ ಕೂಡ.”

ಮರೆವ್ವ ಒಬ್ಬೊಬ್ಬರ ಮುಖ ನೋಡಿದಳು. ಆಮೇಲೆ ನಾಮದೇವನ ಹೆಗಲು ಹಿಡಿದು ಹತ್ತಿದಳು. ಮೊದಲು ಹಿಂದಿನ ಸೀಟಿನ ತುದಿಯಲ್ಲಿ ಕೂತಳು. ಎದ್ದು ಅದರ ನಡುವೆ ಕೂತಳು. ಅಲ್ಲಿಂದೆದ್ದು ಎಡಗಡೆಯ ಸೀಟು, ಆಮೇಲೆ ಬಲಗಡೆಯದು. ಪ್ರತಿಯೊಂದರಲ್ಲೂ ಎರಡು ಕೈಯಿಂದ ಮೆತ್ತೆಯನ್ನು ಒತ್ತಿ ನೋಡಿದಳು. ಯಾರೂ ಅವಸರ ಮಾಡಲಿಲ್ಲ. ಮೊಮ್ಮಕ್ಕಳು ಕಿಸಿಕಿಸಿ ನಕ್ಕರೂ ತಾರವ್ವ ಕಣ್ಣಲ್ಲೇ ಗದರಿದಳು. ಕೊನೆಗೆ ಮರೆವ್ವ ಮುಂದೆ ಬಂದು, ಸ್ಟೇರಿಂಗಿನ ಪಕ್ಕದ ಸೀಟಿನಲ್ಲಿ ಬೆನ್ನು ಆನಿಸಿ, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ಇಲ್ಲೇ ಛಲೋ ಐತಿ. ನಡಿ.”

ಬೋಟು ನಡುಹೊಳೆಗೆ ಬಂತು. ನಾಮದೇವ ಎರಡೂ ಕೈಯಿಂದ ಅಂಚು ಹಿಡಿದು ಕಣ್ಣು ಮುಚ್ಚಿದ್ದ. ಮಕ್ಕಳು ಅಪ್ಪನನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದವು. ಮರೆವ್ವನ ಸೆರಗು ತಲೆಯಿಂದ ಜಾರಿ ಗಾಳಿಗೆ ಪಟಪಟ ಹೊಡೆದುಕೊಳ್ಳತೊಡಗಿತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಆಚೆ ದಂಡೆ ಹತ್ತಿರ ಬಂದಂತೆ ಸದ್ದು ಕೇಳಿ ಮಂದಿ ಸೇರಿದರು. ಸಾವ್ಕಾರರ ಬೋಟು ಎಂದು ಗುರುತು ಹಿಡಿದ ಕೆಲವರು ಟವೆಲ್ಲು ಹೆಗಲಿಂದ ಕೆಳಗಿಳಿಸಿ ನಿಂತಿದ್ದರು. ಒಳಗೆ ಕೂತವರ ಮುಖ ಕಂಡ ಮೇಲೆ ಆ ಟವೆಲ್ಲನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಅವರ ನಡುವಿನಿಂದ ಬಿಳಿ ಮೀಸೆಯ ಮುದುಕನೊಬ್ಬ ತೂರಿಕೊಂಡು ಮುಂದೆ ಬಂದ.

“ಯಕ್ಕಾ!” ದಶರಥ ಕೂಗಿದ. “ಯಕ್ಕಾ, ನೀನೇನ ಬೇ?”

ತಾರವ್ವ ಎಂಜಿನ್ನು ಸಣ್ಣದು ಮಾಡಿದಳು. “ಇಳಿ ಬೇ ಯವ್ವಾ, ಮಾಮಾ ಬಂದಾನ.”

ಮರೆವ್ವ ಕೂತಲ್ಲಿಂದ ಅಲುಗಾಡಲಿಲ್ಲ.

“ನಾ ಯಾಕ ಇಳೀಲಿ?” ಎಂದಳು. ದಂಡೆಯವರಿಗೆಲ್ಲ ಕೇಳುವಂತೆ, ತಾರವ್ವ ಹುಟ್ಟಿದಂದಿನಿಂದ ಕೇಳಿರದಂಥ ದನಿಯಲ್ಲಿ ಕೂಗಿದಳು: “ನಾ ಇಳಿಯೂದಿಲ್ಲ! ಲೇ ದಶರಥಾ, ನೀನ ಬಾರೋ!”

ದಶರಥ ಧೋತರ ಎತ್ತಿಕೊಳ್ಳುವುದನ್ನೂ ಮರೆತು ನೀರಿಗಿಳಿದ. ಸೊಂಟದವರೆಗೆ ತೊಯ್ಸಿಕೊಂಡು ಬಂದು ಅಂಚು ಹಿಡಿದು ನಿಂತ. ಮರೆವ್ವ ಅವನ ಒದ್ದೆ ಕೈಯನ್ನು ಹಿಡಿದು ಜಗ್ಗಿದಳು, ನಾಮದೇವ ಹಿಂದಿನಿಂದ ಎತ್ತಿದ, ಅಂತೂ ಮುದುಕ ಮೀನಿನಂತೆ ಒಳಗೆ ಬಿದ್ದ. ಎಲ್ಲರೂ ನಕ್ಕರು, ದಂಡೆಯಲ್ಲಿ ಟವೆಲ್ಲು ಹಿಡಿದವರೂ.

“ಎಲ್ಲಿಗೆ ಹೊಂಟೀರಿ?” ಎಂದ ದಶರಥ ಉಸಿರು ಬಿಡುತ್ತ.

“ಎಲ್ಲಿಗೂ ಇಲ್ಲೋ. ಹಿಂಗ ತಿರಗ್ಯಾಡಾಕ.” ಮರೆವ್ವ ಗಂಟು ಬಿಚ್ಚಿ ಅವನ ಕೈಯಲ್ಲಿ ರೊಟ್ಟಿ, ಶೇಂಗಾಹಿಂಡಿ ಇಟ್ಟಳು. ಮಗಳ ಕಡೆ ತಿರುಗಿ, “ಜೋರ ಬಿಡ ಬೇ. ನಿನ್ನೆ ನೀ ಸಾವ್ಕಾರ್ರನ್ನ ಕೂಡಿಸಿಕೊಂಡು ಬಿಟ್ಟಿದ್ದು ನಾ ನೋಡೀನಿ,” ಎಂದಳು.

ತಾರವ್ವ ಜೋರು ಬಿಟ್ಟಳು. ಬೋಟಿನ ಮೂತಿ ಮೇಲೆದ್ದಿತು. ಮರೆವ್ವ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಮೊಣಕಾಲೂರಿ, ಸೀಟಿನ ಬೆನ್ನಿಗೆ ಗದ್ದ ಹಚ್ಚಿ ನೀರನ್ನೇ ನೋಡುತ್ತ ಕೂತಳು. ಬೋಟು ಹಾದ ದಾರಿ ಬೆಳ್ಳಗೆ ಕುದಿಯುತ್ತಿತ್ತು. ಅದರ ಎರಡೂ ಬದಿಗೆ ಎರಡು ದೊಡ್ಡ ತೆರೆಗಳು ಎದ್ದು, ಒಂದು ಹಿಪ್ಪರಗಿಯ ದಂಡೆಯ ಕಡೆಗೂ ಒಂದು ತವರಿನ ದಂಡೆಯ ಕಡೆಗೂ ಬಿಸಿಲಲ್ಲಿ ಹೊಳೆಯುತ್ತ, ಅಗಲವಾಗುತ್ತ, ಅವಸರವಿಲ್ಲದೆ ಹೋಗುತ್ತಿದ್ದವು.